ಮೋಸಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು

ಕಲ್ಕತ್ತದ ನಮ್ಮ ಮನೆಯ ಗೋಡೆಗಳಿಗೆ ಒಂದೂ ಮೊಳೆ ಹೊಡೆದಿರಲಿಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ ಜೋತುಬಿದ್ದಿರುತ್ತಿತ್ತು. ದೇವರ ಪಟಗಳು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದವು. ಕನ್ನಡಿ ಬೇಕಾದವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಹೋಗಬೇಕಿತ್ತು. ಮನೆ ಎಂದರೆ ಲೇಕ್ ಹತ್ತಿರದ ಓಣಿಯೊಂದರಲ್ಲಿ, ಎರಡನೇ ಮಾಳಿಗೆಯ ಎರಡು ಕೋಣೆ, ಉದ್ದಕ್ಕೆ ಒಂದು ವರಾಂಡ. ದೊಡ್ಡ ಕೋಣೆಯಲ್ಲಿ ಎರಡು ಕಬ್ಬಿಣದ ಟ್ರಂಕುಗಳು. ಅವುಗಳ ಮೇಲೆ ಹಾಸಿದ ಚಾಪೆಯೇ ಬಂದವರು ಕೂರುವ ಜಾಗ. ಅಮ್ಮನ ಮದುವೆಯ ಹಿತ್ತಾಳೆ ಪಾತ್ರೆಗಳೆಲ್ಲ ಹಳೆಯ ಪೇಪರಿನಲ್ಲಿ ಸುತ್ತಿ ಆ ಟ್ರಂಕುಗಳ ಒಳಗೇ ಇದ್ದವು. ಅಡುಗೆಗೆ ಹೊರಗಿದ್ದದ್ದು ನಾಲ್ಕೇ ಪಾತ್ರೆ. ಅನ್ನ ಬಸಿದ ಪಾತ್ರೆಯನ್ನೇ ತೊಳೆದು ಸಾರಿಗೆ ಇಡಬೇಕು, ಸಾರು ಬಗ್ಗಿಸಿ ಅದರಲ್ಲೇ ಹಾಲು ಕಾಯಿಸಬೇಕು. ಯಾರಾದರೂ ಕೇಳಿದರೆ ಅಮ್ಮನದು ಒಂದೇ ಉತ್ತರ.

"ನಾಳೆ ಹೊರಡುವವರು ಇನ್ನೊಬ್ಬರ ಗೋಡೆ ಎಂತಕ್ಕೆ ಹಾಳು ಮಾಡುದು?"

ಅಪ್ಪನನ್ನು ಬ್ಯಾಂಕಿನವರು ಕಲ್ಕತ್ತಕ್ಕೆ ಹಾಕಿದಾಗ ಅಮ್ಮ ಹೊಸ ಮದುಮಗಳು. ಮೂರು ವರ್ಷ ಕಳೆದರೆ ಉಡುಪಿ ಕಡೆಗೆ ವಾಪಸ್ಸು ಎಂದು ಯಾರೋ ಹೇಳಿದ್ದನ್ನು ಸೆರಗಿಗೆ ಕಟ್ಟಿಕೊಂಡು ರೈಲು ಹತ್ತಿದವಳು. ನನಗೆ ಹನ್ನೆರಡು ತುಂಬಿದಾಗಲೂ ಆ ಮೂರು ವರ್ಷ ಮುಗಿದಿರಲಿಲ್ಲ. ಅವಳು ಬಂಗಾಳಿ ಕಲಿಯಲಿಲ್ಲ. ಹೋಗುವ ಊರಿಗೆ ಬೇಡದ ಭಾಷೆ ಯಾಕೆಂದು. ಸಂತೆಯಲ್ಲಿ ಬಸಳೆ ಸೊಪ್ಪನ್ನು ಬೆರಳಲ್ಲಿ ತೋರಿಸಿ, ಬೆರಳಲ್ಲೇ ಎಣಿಸಿ ತರುತ್ತಿದ್ದಳು. ಕುರ್ಚಿಯಲ್ಲಿ ಕೂತರೂ ತುದಿಯಲ್ಲಿ ಕೂರುತ್ತಿದ್ದಳು, ಈಗ ಯಾರೋ ಕರೆಯುತ್ತಾರೆ ಎನ್ನುವ ಹಾಗೆ. ಬೇಸಗೆಯಲ್ಲಿ ವರ್ಗಾವಣೆಯ ಪಟ್ಟಿ ಬರುವ ಹೊತ್ತಿಗಂತೂ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೋಣೆಯಿಂದ ವರಾಂಡಕ್ಕೆ, ವರಾಂಡದಿಂದ ಕೋಣೆಗೆ. ಕರಿಬೇವಿನ ಕುಂಡವನ್ನು ಕೆಳಗಿನ ಮನೆಗೆ ದಾನ ಕೊಟ್ಟು ಬರುತ್ತಿದ್ದಳು. ಪಟ್ಟಿಯಲ್ಲಿ ಅಪ್ಪನ ಹೆಸರಿಲ್ಲ ಎಂದು ತಿಳಿದ ಮೇಲೆ ಮುಖ ತಗ್ಗಿಸಿಕೊಂಡು ವಾಪಸ್ಸು ತರುತ್ತಿದ್ದಳು. ಊರಿನಲ್ಲಿ ಅವಳ ತಾಯಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ನಿನ್ನ ಮುಖ ಕಾಣುವಷ್ಟಾದರೂ ಬೆಳಕಿರುವಾಗ ಬಂದುಬಿಡು ಎಂದು ಅಜ್ಜಿ ಯಾರ ಕೈಯಲ್ಲೋ ಬರೆಸಿ ಹಾಕುತ್ತಿದ್ದರು. ಅಮ್ಮ ಪ್ರತಿ ಸಲವೂ ಈ ವರ್ಷ ಖಂಡಿತ ಎಂದು ಉತ್ತರ ಬರೆಯುತ್ತಿದ್ದಳು.

ಅಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಉಗ್ಗು ಇತ್ತು. ಅದು ಗೊತ್ತಾಗದ ಹಾಗೆ ಬದುಕುವುದನ್ನೂ ಅವರು ಕಲಿತಿದ್ದರು. ಮನೆಯಲ್ಲಿ ಅವರ ಮಾತೆಂದರೆ ಹ್ಞೂ, ಉಹ್ಞೂಂ, ಕೈಸನ್ನೆ. ಸ್ವಲ್ಪ ಉದ್ದದ್ದು ಏನಾದರೂ ಹೇಳಲೇಬೇಕಾದರೆ ಮೊದಲು ನೀರು ಕುಡಿದು ತಯಾರಾಗುತ್ತಿದ್ದರು. ಮೊದಲ ಅಕ್ಷರದಲ್ಲೇ ಸಿಕ್ಕಿಬಿದ್ದು ಕುತ್ತಿಗೆಯ ನರ ಉಬ್ಬುತ್ತಿತ್ತು. ಅಮ್ಮನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಅವರ ಬಾಯಿಯಿಂದ ಮಾತನ್ನು ತೆಗೆದುಕೊಂಡು ತಾನೇ ಮುಗಿಸಿಬಿಡುತ್ತಿದ್ದಳು. ಅದನ್ನವಳು ಪ್ರೀತಿಯಿಂದಲೇ ಮಾಡುತ್ತಿದ್ದದ್ದು. ಒಂದು ಬೆಳಿಗ್ಗೆಯದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅಮ್ಮ ಕಾವಲಿಯ ಮೇಲಿನ ದೋಸೆ ಎತ್ತಿ ಹಿಡಿದಿದ್ದಾಳೆ, ಅಪ್ಪನ ಎಲೆ ಖಾಲಿಯಿದೆ.

"ಬೇ... ಬೇ..." ಎಂದರು ಅಪ್ಪ.

"ಬೇಡವಾ? ಸರಿ ಹಾಗಾದ್ರೆ. ಶಾಲೂ, ನಿನ್ನ ಬಟ್ಟಲು ಹಿಡಿ."

ದೋಸೆ ನನ್ನ ಬಟ್ಟಲಿಗೆ ಬಂತು. ಅಪ್ಪ ಹೇಳಹೊರಟದ್ದು ಬೇಕು ಎಂದು. ಅವರ ಕಣ್ಣು ಆ ದೋಸೆಯ ಜೊತೆಗೇ ನನ್ನ ಬಟ್ಟಲಿನವರೆಗೆ ಬಂದದ್ದನ್ನು ನಾನು ನೋಡಿದೆ. ಅವರು ತಲೆಯಾಡಿಸಿ ಎದ್ದು ಕೈ ತೊಳೆದರು. ನಾನು ತಿಂದೆ.

ನನ್ನ ಇಂಗ್ಲಿಷ್ ಪಾಠ ಕೆಳಗಿನ ಮನೆಯಲ್ಲಿ, ಮನೆ ಯಜಮಾನರ ಅಕ್ಕನ ಹತ್ತಿರ. ಹುಡುಗಿಯರ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಓಣಿಗೆಲ್ಲ ಅವರು ಪಿಶಿಮಾ, ಎಂದರೆ ಸೋದರತ್ತೆ. ಬಿಳಿ ಸೀರೆ, ದಪ್ಪ ಕನ್ನಡಕ, ತಪ್ಪಿಗೊಂದು ಗೆಣ್ಣಿನ ಏಟು. ಅವರು ಪದಗಳನ್ನು ಒಂಟಿಯಾಗಿ ಕಲಿಸುತ್ತಿರಲಿಲ್ಲ, ಕುಟುಂಬ ಕುಟುಂಬವಾಗಿ ಕಲಿಸುತ್ತಿದ್ದರು. ಒಂದು ವಾರ ನಡಿಗೆಯ ಪದಗಳು, ಒಂದು ವಾರ ಬೆಳಕಿನ ಪದಗಳು. ಆ ಚಳಿಗಾಲದ ಒಂದು ವಾರ ಮೋಸದ ಸರದಿ ಬಂತು. ನಮ್ಮ ಮನೆಯಲ್ಲಿ ಬಳಕೆಯಲ್ಲಿದ್ದದ್ದು ಎರಡೇ ಮಾತು: ಸುಳ್ಳು, ಮೋಸ. ಪಿಶಿಮಾ ಒಂದು ಪುಟದ ತುಂಬ ಬರೆಸಿದರು. ಬರೆಸಿ, ಒಂದೊಂದನ್ನೂ ಬಿಡಿಸಿ ಹೇಳಿದರು.

"ಚೀಟ್ ಮಾಡುವವನು ನಿನ್ನಿಂದ ಏನನ್ನಾದರೂ ಕಿತ್ತುಕೊಳ್ಳುತ್ತಾನೆ. ಡಿಸೀವ್ ಮಾಡುವವನು ಕಿತ್ತುಕೊಳ್ಳಬೇಕೆಂದಿಲ್ಲ, ಇಲ್ಲದ್ದನ್ನು ನಂಬಿಸಿದರೆ ಸಾಕು. ಮಿಸ್‌ಲೀಡ್ ಮಾಡಲು ಸುಳ್ಳು ಕೂಡ ಬೇಡ, ತಪ್ಪು ದಾರಿಯಲ್ಲಿ ಹೋಗುತ್ತಿರುವವನನ್ನು ನೋಡಿ ಸುಮ್ಮನಿದ್ದರಾಯಿತು. ಹುಡ್‌ವಿಂಕ್ ಅಂದರೆ ಕಣ್ಣಿನ ಮೇಲೆ ಮುಸುಕು ಎಳೆಯುವುದು. ಆದರೆ ಬಿಟ್ರೇ ಎಂಬ ದ್ರೋಹ ಬೇರೆ. ಬೀದಿಯವನು ನಿನ್ನನ್ನು ಚೀಟ್ ಮಾಡಬಹುದು, ಬಿಟ್ರೇ ಮಾಡಲು ಅವನಿಂದ ಆಗದು. ಅದಕ್ಕೆ ನೀನು ನಂಬಿದವರೇ ಬೇಕು."

ನನಗೆ ಹುಚ್ಚು ಹಿಡಿದ ಹಾಗಾಯಿತು. ಸಿಕ್ಕಸಿಕ್ಕವರಿಗೆಲ್ಲ ಒಂದೊಂದು ಪದ ಅಂಟಿಸುತ್ತ ತಿರುಗಿದೆ. ಪಿಶಿಮಾ ಕೊಟ್ಟ ಸಂದೇಶ್ ಮಿಠಾಯಿ ಬಹಳ ಚೆನ್ನಾಗಿತ್ತೆಂದು ಕೈಸನ್ನೆ ಮಾಡಿ, ಅದನ್ನು ವರಾಂಡದಲ್ಲಿ ಕಾಗೆಗೆ ಹಾಕುವ ಅಮ್ಮ ಮಾಡುತ್ತಿದ್ದದ್ದು ಡಿಸೀವ್. ಬಾಡಿದ ಬೆಂಡೆಯ ಮೇಲೆ ನೀರು ಚಿಮುಕಿಸುವ ತರಕಾರಿಯವಳದು ಹುಡ್‌ವಿಂಕ್. ಬಿಟ್ರೇ ಎಂಬುದಕ್ಕೆ ಮಾತ್ರ ನನಗೆ ಯಾರೂ ಸಿಕ್ಕಿರಲಿಲ್ಲ.

ಅಪ್ಪ ಬ್ಯಾಂಕಿನಿಂದ ಒಂದು ಬದಿ ಖಾಲಿಯಿದ್ದ ರದ್ದಿ ಕಾಗದ ತಂದುಕೊಡುತ್ತಿದ್ದರು. ಪಿಶಿಮಾ ಬರೆಸಿದ್ದನ್ನು ನಾನು ಅದರ ಮೇಲೆ ಹತ್ತು ಹತ್ತು ಸಲ ಬರೆಯಬೇಕು. ಆ ವಾರವೇ, ಹಾಳೆಯೊಂದನ್ನು ತಿರುಗಿಸಿದಾಗ ಅದರ ಹಿಂದೆ ಮಸಿ ಕದಡಿದ ಕಾರ್ಬನ್ ಪ್ರತಿ ಕಂಡಿತು. ಕೆಳಗೆ ಅಪ್ಪನ ಹೆಸರು. ತನ್ನನ್ನು ಈ ವರ್ಷವೂ ಕಲ್ಕತ್ತದಲ್ಲೇ ರಿಟೈನ್ ಮಾಡಬೇಕೆಂದು ಅವರು ಮೇಲಿನವರನ್ನು ವಿನಂತಿಸಿಕೊಂಡಿದ್ದರು. ರಿಟೈನ್ ಎಂಬ ಪದ ನನಗೆ ಗೊತ್ತಿರಲಿಲ್ಲ. ಓಡಿ ಕೆಳಗೆ ಹೋಗಿ, ಎಲ್ಲಿ ಓದಿದೆನೆಂದು ಹೇಳದೆ, ಪಿಶಿಮಾರನ್ನು ಕೇಳಿದೆ. ಬಿಡದೆ ಇಟ್ಟುಕೊಳ್ಳುವುದು ಎಂದರು ಅವರು. ಮೆಟ್ಟಿಲು ಹತ್ತಿ ಬರುವಾಗ ಅಮ್ಮ ಟ್ರಂಕಿನ ಮುಚ್ಚಳ ತೆರೆದು ಹಿತ್ತಾಳೆ ತಂಬಿಗೆಗೆ ಸುತ್ತಿದ ಪೇಪರು ಬದಲಿಸುತ್ತಿದ್ದಳು. ಹಳೆಯ ಪೇಪರು ಪುಡಿಪುಡಿಯಾಗಿತ್ತು. ನಾನು ಕಾಗದವನ್ನು ಎಂಟು ಮಡಿಕೆ ಮಡಿಸಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟೆ.

ಅಪ್ಪನನ್ನು ಮನೆಯಲ್ಲಿ ಕೇಳುವಂತಿರಲಿಲ್ಲ. ಮುಂದಿನ ಶನಿವಾರ ನನಗೆ ರಜೆ, ಬ್ಯಾಂಕಿಗೆ ಅರ್ಧ ದಿನ. ನಿಮ್ಮ ಬ್ಯಾಂಕು ನೋಡಬೇಕೆಂದು ಹಟ ಹಿಡಿದು ಅವರ ಜೊತೆ ಹೊರಟೆ. ಅಪ್ಪನ ಶಾಖೆ ಆಗ ಖಿದಿರ್‌ಪುರದಲ್ಲಿ, ಬಂದರಿನ ಹತ್ತಿರ. ಲಾರಿಗಳ ಗದ್ದಲ, ಸೆಣಬಿನ ವಾಸನೆ. ನನ್ನನ್ನು ಫೈಲುಗಳ ಬೀರುವಿನ ಪಕ್ಕದ ಸ್ಟೂಲಿನಲ್ಲಿ ಕೂರಿಸಿ ಅಪ್ಪ ತಮ್ಮ ಮೇಜಿಗೆ ಹೋದರು. ಮೊದಲು ನಾನು ಸರಿಯಾಗಿ ನೋಡಲಿಲ್ಲ, ಎಣ್ಣೆ ಹಚ್ಚಿದ ಜಡೆಯ ತುದಿ ಕಚ್ಚುತ್ತ ಕೂತಿದ್ದೆ. ಯಾರೋ ಗಟ್ಟಿಯಾಗಿ ಬಂಗಾಳಿಯಲ್ಲಿ ತಮಾಷೆ ಹೇಳುತ್ತಿದ್ದರು, ಸುತ್ತಲಿನವರು ನಗುತ್ತಿದ್ದರು. ತಲೆಯೆತ್ತಿದರೆ ಮಾತಾಡುತ್ತಿದ್ದವರು ಅಪ್ಪ.

"ಆರೇ ದಾದಾ, ಬೋಶುನ್ ಬೋಶುನ್!" ಎಂದು ಬಂದವರನ್ನು ಕೂರಿಸುತ್ತಿದ್ದರು. ಹಡಗಿನ ಸಾಮಾನಿನ ವ್ಯಾಪಾರಿಯೊಬ್ಬರು ಇಂಗ್ಲಿಷಿನಲ್ಲಿ ಜಗಳಕ್ಕೆ ಬಂದರೆ ಇವರು ಇಂಗ್ಲಿಷಿನಲ್ಲೇ, ನೀರು ಹರಿದ ಹಾಗೆ, ಒಂದು ಕಡೆಯೂ ತಡೆಯದೆ, ಸಮಾಧಾನ ಹೇಳಿ ನಗಿಸಿ ಕಳಿಸಿದರು. ರಾವ್‌ಬಾಬು, ರಾವ್‌ಬಾಬು ಎಂದು ನಾಲ್ಕು ಕಡೆಯಿಂದ ಕರೆ. ನಾನು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇವರು ಅಪ್ಪನ ಹಾಗೆ ಕಾಣುವ ಬೇರೆ ಯಾರೋ, ಮನೆಗೆ ಬರುವವರು ಇನ್ನೊಬ್ಬರು ಎಂದು ಒಂದು ಕ್ಷಣ ನಿಜವಾಗಿ ಅನ್ನಿಸಿತು. ಹೆಮ್ಮೆಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇಷ್ಟು ಮಾತು ಇದ್ದೂ ನಮಗೆ ಒಂದೂ ಕೊಡಲಿಲ್ಲವಲ್ಲ ಎಂದು.

ಕೆಲಸ ಮುಗಿದ ಮೇಲೆ ಐಸ್‌ಕ್ರೀಮು ಕೊಡಿಸಲು ಪಾರ್ಕ್ ಸ್ಟ್ರೀಟಿಗೆ ಕರೆದುಕೊಂಡು ಹೋದರು. ನಾನು ಕಾಗದ ಬಿಡಿಸಿ ಮೇಜಿನ ಮೇಲಿಟ್ಟೆ. ಇಂಗ್ಲಿಷಿನಲ್ಲಿ ಕೇಳಿದೆ: ನೀವು ಊರಿಗೆ ವರ್ಗ ಕೇಳಿಯೇ ಇಲ್ಲವಾ? ನಾನು ಅಪ್ಪನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಅದೇ ಮೊದಲು. ಅಪ್ಪ ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. ಇಲ್ಲ, ಒಂದು ಸಲವೂ ಕೇಳಿಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಚಮಚ ಹಿಡಿದ ಕೈ ಮೇಜಿನ ಮೇಲೆ ಗೀಟು ಎಳೆಯುತ್ತಿತ್ತು. ನಾನೇ ಅವಳಿಗೆ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಸುಮ್ಮನಿರುತ್ತೀಯಾ ಎಂದು ಕೇಳಿದರು. ನಾನು ಆಯಿತೆಂದೆ. ಆ ವಾರ ಪಿಶಿಮಾ ಇನ್ನೊಂದು ಪದ ಕೊಟ್ಟರು, ಕನೈವ್. ಕಂಡೂ ಕಣ್ಣು ಮುಚ್ಚಿಕೊಳ್ಳುವುದು. ಅದು ಯಾರ ಹೆಸರೆಂದು ಹುಡುಕಬೇಕಾಗಿರಲಿಲ್ಲ.

ಆಮೇಲಿನ ನಾಲ್ಕು ತಿಂಗಳು ನಾನು ಮನೆಯಲ್ಲಿ ಸರಿಯಾಗಿ ಕೂತದ್ದು ನೆನಪಿಲ್ಲ. ಅಪ್ಪ ಈಗ ಹೇಳುತ್ತಾರೆ, ಊಟದ ಹೊತ್ತಿಗೆ ಹೇಳುತ್ತಾರೆ, ಭಾನುವಾರ ಹೇಳುತ್ತಾರೆ ಎಂದು ಕಾದೆ. ಅವರು ನೀರು ಕುಡಿದರೆ ಸಾಕು, ನನ್ನ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. ಅವರು ಹೇಳಲಿಲ್ಲ. ಅಮ್ಮ ಕರಿಬೇವಿನ ಕುಂಡ ಕೆಳಗೆ ಕೊಟ್ಟು ಬಂದಳು. ಈ ಸಲ ಮಳೆಗೆ ಮುಂಚೆ ನಾನು ನಿನ್ನ ಹತ್ತಿರ ಇರುತ್ತೇನೆಂದು ಅಜ್ಜಿಗೆ ಬರೆದಳು. ಆ ಕಾಗದವನ್ನು ಅಂಚೆಗೆ ಹಾಕಿದ್ದು ನಾನೇ. ಡಬ್ಬಿಯ ಬಾಯಲ್ಲಿ ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಪಟ್ಟಿ ಬಂತು, ಅಪ್ಪನ ಹೆಸರಿರಲಿಲ್ಲ. ಅಮ್ಮ ಆ ದಿನ ಅಳಲಿಲ್ಲ. ಮರುದಿನ, ಶನಿವಾರ ಬೆಳಿಗ್ಗೆ, ಅಪ್ಪ ಹೊರಟು ಹೋದ ಮೇಲೆ ಟ್ರಂಕಿನಿಂದ ಮೈಸೂರು ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡಳು.

"ನೀನೂ ಒಳ್ಳೆ ಫ್ರಾಕು ಹಾಕು. ಬ್ಯಾಂಕಿಗೆ ಹೋಗ್ಲಿಕ್ಕುಂಟು."

"ಎಂತಕ್ಕೆ?"

"ಮ್ಯಾನೇಜರನ್ನು ಕಾಣ್ಲಿಕ್ಕೆ. ನಿನ್ನ ಅಪ್ಪ ಬಾಯಿ ಸತ್ತವರು, ಹೇಳಿದ ಹಾಗೆ ಕೇಳ್ತಾರೆ ಅಂತ ಅವರಿಗೆಲ್ಲ ಗೊತ್ತಾಗಿದೆ. ಹಾಗಾಗಿ ಪ್ರತಿ ವರ್ಷ ಬೇರೆಯವರನ್ನು ಕಳಿಸಿ ಇವರನ್ನು ಇಲ್ಲಿ ಕೊಳೆಸ್ತಾರೆ. ನಾನು ಹೇಳ್ತೇನೆ, ನೀನು ಇಂಗ್ಲಿಷಿನಲ್ಲಿ ಹೇಳು. ಹದಿಮೂರು ವರ್ಷ ಒಬ್ಬ ಪಾಪದವರಿಗೆ ಹೀಗೆ ಮೋಸ ಮಾಡ್ಬಾರ್ದು ಅಂತ. ಮೋಸಕ್ಕೆ ಯಾವ ಪದ ಹಾಕ್ತಿ? ಒಳ್ಳೆ ಗಟ್ಟಿ ಪದ ಹಾಕು."

ಸಂತೆಯ ಆಚೆಗೆ ಒಬ್ಬಳೇ ಹೋಗದವಳು ನನ್ನ ಕೈ ಹಿಡಿದು ಮೆಟ್ಟಿಲಿಳಿದಳು. ಮೆಟ್ಟಿಲಿನುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಬೀದಿ ಬಾಗಿಲಿನ ಹತ್ತಿರ ನಾನು ಅವಳ ಕೈ ಹಿಂದಕ್ಕೆ ಎಳೆದೆ.

"ಅಮ್ಮ, ಹೋಗುದು ಬೇಡ. ಅಪ್ಪ ವರ್ಗ ಕೇಳಲೇ ಇಲ್ಲ. ಇಲ್ಲೇ ಇರ್ತೇನೆ ಅಂತ ಅವರೇ ಬರ್ದು ಕೊಟ್ಟಿದ್ದಾರೆ."

"ಯಾರು ಹೇಳಿದ್ದು ನಿನಗೆ?"

"ಅಪ್ಪನೇ."

"ಯಾವಾಗ?"

"ಚಳಿಗಾಲದಲ್ಲಿ."

ಅಮ್ಮ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಎಣಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಾಲ್ಕು ತಿಂಗಳು. ನೀನೂ."

ಕೈ ಬಿಡಿಸಿಕೊಂಡು ಒಬ್ಬಳೇ ಮೆಟ್ಟಿಲು ಹತ್ತಿದಳು. ನಾನು ಹಿಂದೆಯೇ ಓಡಿ, ಟ್ರಂಕಿನ ಮೇಲೆ ಕೂತ ಅವಳೆದುರು ನಿಂತು, ಕೇಳದಿದ್ದರೂ ಎಲ್ಲ ಹೇಳಿದೆ. ಕಾಗದ, ಖಿದಿರ್‌ಪುರ, ನೀರು ಹರಿದ ಹಾಗಿನ ಇಂಗ್ಲಿಷು, ಬಂಗಾಳಿ ತಮಾಷೆ. ಅವಳು ಒಲೆ ಹಚ್ಚಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅಪ್ಪ ಬಂದಾಗಲೂ ಅದೇ ಸೀರೆಯಲ್ಲಿ ಅಲ್ಲೇ ಕೂತಿದ್ದಳು. ಅಪ್ಪ ಸೀರೆ ನೋಡಿದರು, ನನ್ನ ಮುಖ ನೋಡಿದರು, ಚಪ್ಪಲಿ ಬಿಡುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ನಾ... ನಾ..." ಎಂದು ಶುರುಮಾಡಿದರು. ನರ ಉಬ್ಬಿತು. ಅಮ್ಮ ಮುಗಿಸುತ್ತಾಳೆ ಎಂದುಕೊಂಡೆ. ಅವಳು ಕೈ ಎತ್ತಿ ತಡೆದಳು.

"ಕನ್ನಡದಲ್ಲಿ ಬೇಡ. ನಿಮಗೆ ಇಂಗ್ಲಿಷ್ ಸಲೀಸು ಅಂತ ಇವಳು ಹೇಳಿದ್ಲು. ಅದರಲ್ಲೇ ಹೇಳಿ. ಇವಳು ನನಗೆ ಹೇಳ್ತಾಳೆ."

ಅಪ್ಪ ಬಾಗಿಲ ಹತ್ತಿರ ನಿಂತುಕೊಂಡೇ ಇಂಗ್ಲಿಷಿನಲ್ಲಿ ಹೇಳಿದರು. ನಾನು ಇಬ್ಬರ ನಡುವೆ ನಿಂತು ಒಂದೊಂದಾಗಿ ಕನ್ನಡಕ್ಕೆ ತಂದೆ. ಸಣ್ಣವರಿದ್ದಾಗ ಅವರ ದೊಡ್ಡಣ್ಣ ದಿನಾ ಅವರನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ಸಿಕ್ಕಿಕೊಂಡ ಮಾತನ್ನು ಸರಿಯಾಗಿ ಹೇಳುವವರೆಗೆ ಊಟಕ್ಕೆ ಬಿಡುತ್ತಿರಲಿಲ್ಲವಂತೆ. ಮನೆಯ ಮಕ್ಕಳೆಲ್ಲ ಸುತ್ತ ನಿಂತು ನಗುತ್ತಿದ್ದರಂತೆ. ಆ ಊರಿನಲ್ಲಿ ಕಾಲಿಟ್ಟರೆ ಈಗಲೂ ಗಂಟಲು ಕಟ್ಟುತ್ತದಂತೆ. ಕನ್ನಡ ಬಾಯಿಗೆ ಬಂದರೆ ಆ ಬಾವಿಕಟ್ಟೆ ಬರುತ್ತದಂತೆ. ಇಂಗ್ಲಿಷನ್ನು ದೊಡ್ಡವರಾದ ಮೇಲೆ, ನಗುವವರು ಯಾರೂ ಇಲ್ಲದ ಕಡೆ ಕಲಿತರಂತೆ, ಬಂಗಾಳಿಯೂ ಹಾಗೆಯೇ. ಈ ಊರಿನಲ್ಲಿ ತಾನು ಯಾರೆಂದು ಯಾರಿಗೂ ಗೊತ್ತಿಲ್ಲವಂತೆ. ಕನ್ನಡದಲ್ಲಿ ಕಾಗದವಾದರೂ ಬರೆದು ಅಮ್ಮನ ಕೈಗೆ ಕೊಡೋಣವೆಂದು ಮೂರು ಸಲ ಬರೆದು, ಒಂದೇ ಮನೆಯಲ್ಲಿರುವ ಹೆಂಡತಿಗೆ ಕಾಗದ ಬರೆಯುವುದಕ್ಕೆ ನಾಚಿ, ಹರಿದು ಹಾಕಿದರಂತೆ. ಅಮ್ಮ ನನ್ನ ಕಡೆ ತಿರುಗಲಿಲ್ಲ. ಅವಳು ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಅಷ್ಟು ವರ್ಷದ ಸಂಸಾರದಲ್ಲಿ ಗಂಡನ ಸ್ವರವನ್ನು ಅಷ್ಟು ಉದ್ದಕ್ಕೆ ಅವಳು ಕೇಳಿದ್ದು ಅದೇ ಮೊದಲು. ಅವಳ ಮುಖದಲ್ಲಿದ್ದದ್ದು ಸಿಟ್ಟೆಂದು ಹೇಳಲಾರೆ.

ಕೊನೆಗೆ ಅವಳೇ ಕೇಳಿದಳು:

"ಸರಿ. ಮೊದಲನೇ ವರ್ಷ ನನಗೆ ಹೇಳಿದ್ರಲ್ಲ, ವರ್ಗ ಕೇಳಿ ಆಯ್ತು ಅಂತ. ಅದು ಎಂತಕ್ಕೆ?"

ಅಪ್ಪ ಅರ್ಧಕ್ಕೆ ನಿಲ್ಲಿಸಿದ್ದ ಚಪ್ಪಲಿಯನ್ನು ಬಿಟ್ಟರು. ಮೊದಲನೇ ವರ್ಷ ನಿಜ ಹೇಳಲೆಂದೇ ಬಾಯಿ ತೆರೆದೆ, ನನಗೆ ವರ್ಗ ಬೇಡ ಎಂದು ಶುರುಮಾಡಿದೆ ಎಂದರು ಇಂಗ್ಲಿಷಿನಲ್ಲಿ. ವರ್ಗ ಎನ್ನುವಲ್ಲಿ ಮಾತು ಸಿಕ್ಕಿಕೊಂಡಿತು, ಅವಳು "ಕೇಳಿದಿರಾ? ಆಯ್ತಲ್ಲ!" ಎಂದು ನಕ್ಕಳು. ಅಷ್ಟು ಹೇಳಿ ನನ್ನನ್ನು ನೋಡಿದರು.

"ಶೀ ಫಿನಿಶ್ಡ್ ದ ಸೆಂಟೆನ್ಸ್. ಐ ಓನ್ಲಿ ನಾಡೆಡ್."

ವಾಕ್ಯ ಮುಗಿಸಿದ್ದು ಅವಳು, ನಾನು ತಲೆಯಾಡಿಸಿದೆ ಅಷ್ಟೇ. ಇದನ್ನು ಕನ್ನಡದಲ್ಲಿ ಹೇಳುವುದು ಕಷ್ಟವೇನಿರಲಿಲ್ಲ. ಆದರೆ ಅಮ್ಮನ ರೇಷ್ಮೆ ಸೀರೆಯ ಸೆರಗು ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು, ಬೆಳಿಗ್ಗೆಯಿಂದ ಅವಳು ನೀರು ಕೂಡ ಕುಡಿದಿರಲಿಲ್ಲ. ಇಷ್ಟೆಲ್ಲ ಆದಮೇಲೆ, ಮೊದಲ ಸುಳ್ಳು ಹುಟ್ಟಿದ್ದು ನಿನ್ನ ಬಾಯಿಯಲ್ಲಿ ಎಂದು ಅವಳಿಗೆ ಹೇಳುವವಳು ನಾನಾಗಬೇಕೇ? ನಾಲ್ಕು ತಿಂಗಳು ಸುಮ್ಮನಿದ್ದ ತಪ್ಪು ಬೇರೆ ನನ್ನ ಮೇಲಿತ್ತು. ನನ್ನ ಬಾಯಿಗೆ ಬೇರೆ ವಾಕ್ಯ ಬಂತು.

"ಮೊದಲನೇ ವರ್ಷವೇ ಹೇಳ್ಬೇಕು ಅಂತ ಇತ್ತಂತೆ. ಧೈರ್ಯ ಬರ್ಲಿಲ್ವಂತೆ."

ಅಪ್ಪನಿಗೆ ಕನ್ನಡ ಮಾತಾಡುವುದು ಕಷ್ಟವಿತ್ತೇ ಹೊರತು ಕೇಳುವುದಲ್ಲ. ಅವರು ತಟ್ಟನೆ ನನ್ನ ಕಡೆ ನೋಡಿದರು. ತಿದ್ದುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಅಮ್ಮನ ಕಡೆ ತಿರುಗಿ ತಲೆಯಾಡಿಸುತ್ತಿದ್ದರು.

"ಧೈರ್ಯ ಇರ್ಲಿಲ್ಲ," ಎಂದಳು ಅಮ್ಮ, ರುಚಿ ನೋಡಿದ ಹಾಗೆ. "ಅಷ್ಟೇ ಅಲ್ವಾ." ಎದ್ದು ಸೀರೆ ಬದಲಿಸಲು ಒಳಗೆ ಹೋದಳು.

ಒಂದು ವಾರ ಅಮ್ಮ ನಮಗೆ ಬಡಿಸಿ, ತಾನು ವರಾಂಡದಲ್ಲಿ ಕೂತು ಉಂಡಳು. ಆಮೇಲೆ ಅಮ್ಮ ತಾನೊಬ್ಬಳೇ ಅಜ್ಜಿಯ ಹತ್ತಿರ ಹೋಗುತ್ತೇನೆಂದಳು. ಹೌರಾದಲ್ಲಿ ಅವಳನ್ನು ರೈಲು ಹತ್ತಿಸುವಾಗ ಅಪ್ಪ ಎದುರು ಸೀಟಿನ ದಂಪತಿಗಳಿಗೆ ಹಿಂದಿಯಲ್ಲಿ, ಸರಾಗವಾಗಿ, ಇವಳನ್ನು ನೋಡಿಕೊಳ್ಳಿ, ಖಾರ ತಿನ್ನುವುದಿಲ್ಲ, ಕಿಟಕಿ ಪಕ್ಕದಲ್ಲೇ ಕೂರಿಸಿ ಎಂದು ಹೇಳುತ್ತಿದ್ದರು. ಅಮ್ಮ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದಳು. ಅಜ್ಜಿಗೆ ಪೂರ್ತಿ ಕತ್ತಲಾಗುವ ಮೊದಲು ಅವಳಿಗೆ ಐದು ತಿಂಗಳು ಸಿಕ್ಕಿತು. ಅಪ್ಪ ವಾರಕ್ಕೊಂದು ಕಾಗದ ಬರೆದರು. ಅಷ್ಟು ದೂರಕ್ಕೆ ಬರೆಯಲು ನಾಚಿಕೆಯಿರಲಿಲ್ಲ ಅಂತ ಕಾಣುತ್ತದೆ. ನಾವಿಬ್ಬರೂ ಗಂಜಿ, ಸುಟ್ಟ ಹಪ್ಪಳ ತಿಂದುಕೊಂಡು ದಿನ ದೂಡಿದೆವು. ದುರ್ಗಾಪೂಜೆಯ ಪೆಂಡಾಲು ಏಳುವ ಹೊತ್ತಿಗೆ ಅಮ್ಮ ಬಂದಳು. ಹೌರಾದಲ್ಲಿ ಇಳಿದವಳು ಉಪ್ಪಿನಕಾಯಿಯ ಭರಣಿಯನ್ನು ಅಪ್ಪನ ಕೈಗೆ ಕೊಟ್ಟು, ಪಾತ್ರೆ ಇಡಲು ಒಂದು ಒಳ್ಳೆ ಕಪಾಟು ಬೇಕು ಎಂದಳು. ಪಿಶಿಮಾರಿಂದ ಬಂಗಾಳಿ ಕಲಿತಳು. ತಪ್ಪಾದರೂ ನಾಚದೆ ಮಾತಾಡಿ ಮಾತಾಡಿ ಎರಡು ವರ್ಷದಲ್ಲಿ ನನಗಿಂತ ಚೆನ್ನಾಗಿ ಕಲಿತಳು. ಅಪ್ಪ ನಿವೃತ್ತರಾದಾಗ, ಬೇಕಿದ್ದರೆ ಊರಿಗೆ ಹೋಗೋಣವೆಂದು ತಾವಾಗಿಯೇ ಚೀಟಿ ಬರೆದು ತೋರಿಸಿದರು. ಅಲ್ಲಿ ನನಗೆ ಯಾರಿದ್ದಾರೆ ಎಂದು ಅಮ್ಮ ಚೀಟಿಯನ್ನು ಮಡಿಸಿಟ್ಟಳು.

ಇಷ್ಟರಿಂದ ಎಲ್ಲ ಸರಿಹೋಯಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ನಾನು ಹಾಕಿದ ಪದ ಮನೆಯಲ್ಲೇ ಉಳಿದುಬಿಟ್ಟಿತು. ಅಪ್ಪ ರಸ್ತೆ ದಾಟಲು ತಡಮಾಡಿದರೆ "ಧೈರ್ಯ ಇದ್ದರಲ್ವಾ". ಮನೆ ಯಜಮಾನರ ಹತ್ತಿರ ನಲ್ಲಿ ರಿಪೇರಿ ಕೇಳದಿದ್ದರೆ "ಇವರಿಗೆಲ್ಲಿಯ ಧೈರ್ಯ". ಬಂದವರ ಮುಂದೆ ಅಮ್ಮ ಆ ಹಳೆಯ ಕತೆಯನ್ನು ನಗುತ್ತಲೇ ಹೇಳುತ್ತಿದ್ದಳು, ಧೈರ್ಯವಿಲ್ಲದೆ ಹದಿಮೂರು ವರ್ಷ ನನ್ನನ್ನು ಟ್ರಂಕಿನ ಮೇಲೆ ಕೂರಿಸಿದರು ಎಂದು. ಅಪ್ಪನೂ ನಗುತ್ತಿದ್ದರು. ನಾನು ನೀರು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಅವರ ಮಾತುಗಳನ್ನು ಅವಳು ಮುಗಿಸುವುದೂ ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ದೊಡ್ಡವಳಾದ ಮೇಲೆ ನಾನು ಇದೇ ಊರಿನಲ್ಲಿ ಏಳು ಮನೆ ಬದಲಿಸಿದೆ. ಎಲ್ಲಿಯೂ ಎರಡು ವರ್ಷ ನೆಟ್ಟಗೆ ನಿಲ್ಲಲಿಲ್ಲ. ಕೋರ್ಟಿನ ಕಾಗದಪತ್ರಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವುದೇ ನನ್ನ ಹೊಟ್ಟೆಪಾಡಾಯಿತು. ಬರೆದು ಮುಗಿಸಿದ ಮೇಲೂ ಬಿಟ್ಟುಹೋದದ್ದು ಇದೆಯೇ ಎಂದು ಎದ್ದೆದ್ದು ನೋಡುತ್ತೇನೆ. ಜೊತೆಯವರು ಅದನ್ನು ಶಿಸ್ತು ಎನ್ನುತ್ತಾರೆ.

ಅಪ್ಪನ ಕೊನೆಯ ವರ್ಷಗಳಲ್ಲಿ ಒಂದು ಬೆಳಿಗ್ಗೆ ಲೇಕಿನ ಬೆಂಚಿನಲ್ಲಿ ಕೂತಾಗ ನಾನು ಆ ದಿನದ ಮಾತೆತ್ತಿದೆ. ಇಂಗ್ಲಿಷಿನಲ್ಲೇ. ನಾನು ಬೇರೆ ವಾಕ್ಯ ಹೇಳಿದೆ, ನೀವು ಯಾಕೆ ತಿದ್ದಲಿಲ್ಲ ಎಂದು ಕೇಳಿದೆ. ಅವರು ಊರುಗೋಲನ್ನು ಮೊಣಕಾಲುಗಳ ನಡುವೆ ತಿರುಗಿಸುತ್ತ, ನಿನಗೆ ಹನ್ನೆರಡು ವರ್ಷ, ನೀನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ ಎಂದರು. ಆಮೇಲೆ, ನೀನು ಹೇಳಿದ್ದೂ ಸುಳ್ಳಲ್ಲವಲ್ಲ ಎಂದರು. ಅಮ್ಮನಿಗೆ ಈಗಲಾದರೂ ಹೇಳಲೇ ಎಂದರೆ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಮತ್ತೆ ಕೇಳುವ ಮುಂಚೆ ಆ ಚಳಿಗಾಲದಲ್ಲಿ ತೀರಿಕೊಂಡರು.

ಅಮ್ಮ ಈಗ ನನ್ನ ಜೊತೆ ಇದ್ದಾಳೆ. ಎಂಬತ್ತಾಯಿತು, ಕಿವಿ ಚುರುಕಾಗಿದೆ. ಹೋದ ವರ್ಷ ಒಂದು ಬೆಳಿಗ್ಗೆ ಅವಳು ತನ್ನ ತಮ್ಮನ ಮಗಳೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಹುಡುಗಿ ಮದುವೆಯಾಗಿ ಎಲ್ಲಿಗೋ ದೂರ ಹೊರಟಿದ್ದಳು. ಅಮ್ಮ ಅವಳಿಗೆ ಬುದ್ಧಿ ಹೇಳುತ್ತ ಅದೇ ಕತೆ ತೆಗೆದಳು.

"ನಿನ್ನ ಮಾವ ಒಳ್ಳೆಯವರೇ. ಆದ್ರೆ ಧೈರ್ಯ ಇರ್ಲಿಲ್ಲ ಮಾರಾಯ್ತಿ, ಒಂದು ಚೂರೂ ಇರ್ಲಿಲ್ಲ."

ನಾನು ಬಟಾಣಿ ಬಿಡಿಸುತ್ತಿದ್ದೆ. ಅವಳು ಫೋನು ಇಟ್ಟ ಮೇಲೆ ಹೇಳಿಬಿಟ್ಟೆ. ಆ ದಿನ ಅಪ್ಪ ಹಾಗೆ ಹೇಳಿರಲಿಲ್ಲ, ಧೈರ್ಯದ ಮಾತು ನನ್ನದು ಎಂದೆ. ಅಪ್ಪ ಹೇಳಿದ್ದು ಇದು ಎಂದು ಕನ್ನಡದಲ್ಲಿ ಹೇಳಿದೆ. ಅಮ್ಮ ಬಟಾಣಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ನಾಲ್ಕು ಕಾಯಿ ಬಿಡಿಸಿದಳು. ಐದನೆಯದು ಕೈಯಲ್ಲೇ ಉಳಿಯಿತು.

"ನಾನು ಮುಗಿಸಿದ್ದಾ?"

"ಹೌದು."

"ನನಗೆ ನೆನಪೇ ಇಲ್ಲ." ಆ ಕಾಯಿಯನ್ನು ಬುಟ್ಟಿಗೆ ವಾಪಸ್ಸು ಹಾಕಿ, "ನೀನು ಎಂತಕ್ಕೆ ಹೇಳ್ಲಿಲ್ಲ?"

"ನಿನಗೆ ಬೇಜಾರಾಗ್ತದೆ ಅಂತ."

"ಅವರು ಇರುವಾಗ ಬೇಜಾರಾಗಿದ್ರೆ ಎಂತಾದ್ರೂ ಮಾಡ್ಬಹುದಿತ್ತು." ಅವಳ ಸ್ವರದಲ್ಲಿ ಸಿಟ್ಟಿತ್ತು. ನಾನು ಆ ಸಿಟ್ಟನ್ನು ಅಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದ್ದೆ. ಎದುರಿಗೆ ಬಂದಾಗ ಕೂತಲ್ಲಿಂದ ಏಳಬೇಕೆನ್ನಿಸಲಿಲ್ಲ.

"ಇಂಗ್ಲಿಷಿನಲ್ಲಿ ಹೇಳು. ಅವರು ಹೇಳಿದ ಹಾಗೇ."

ನಾನು ಹೇಳಿದೆ. ಅವಳು ಕಣ್ಣು ಸಣ್ಣ ಮಾಡಿ ಕೇಳಿದಳು.

"ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದೆ.

"ಎಷ್ಟು ಸಣ್ಣದು," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ದಿನ ತುಂಬ ಹೊತ್ತು ಮಾತಾಡಿದ್ರು. ನೀನು ಇನ್ನೂ ಎಂತೆಂತ ಬಿಟ್ಟಿದ್ದಿಯೋ ಯಾರಿಗೆ ಗೊತ್ತು. ಎಲ್ಲ ಮೊದಲಿಂದ ಹೇಳು. ಬಾವಿಕಟ್ಟೆಯಿಂದ. ನಾನು ನಡುವೆ ಮಾತಾಡುದಿಲ್ಲ."

ಬಟಾಣಿ ಇನ್ನೂ ಅರ್ಧ ಬುಟ್ಟಿ ಇತ್ತು. ನಾನು ಶುರುಮಾಡಿದೆ. ಆ ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಅಡುಗೆಯಾಗಲಿಲ್ಲ.